ಬದಲಾಗದ ಸಾಲು

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ವೆಂಟ್ ಮೇಷ್ಟ್ರು ಎಂದರೆ ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಹಾಲಿನವನ ತನಕ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಹಳೆಯ ವಿದ್ಯಾರ್ಥಿ ಎದುರಾದರೆ ಅವರು ಕ್ಷೇಮಸಮಾಚಾರ ಕೇಳುತ್ತಿರಲಿಲ್ಲ. ಬೆರಳು ತೋರಿಸಿ ‘ಗೋ?’ ಎನ್ನುತ್ತಿದ್ದರು. ಆತ ನಡುಬೀದಿಯಲ್ಲಿ ನಿಂತು ‘ವೆಂಟ್, ಗಾನ್’ ಎಂದು ಒಪ್ಪಿಸಿದ ಮೇಲೆಯೇ ಹೆಂಡತಿ ಹೇಗಿದ್ದಾಳೆ, ಮಕ್ಕಳೆಷ್ಟು ಎಂಬ ವಿಚಾರಣೆ. ಮದುವೆಯಾಗಿ ಮಕ್ಕಳಿದ್ದ ಗಂಡಸರು ಕೂಡ ಇವರನ್ನು ದೂರದಿಂದ ಕಂಡರೆ ಎದುರುಗಡೆಯ ಅಂಗಡಿಗೆ ನುಗ್ಗಿ ಬೇಡದ ಸೋಪು ಕೊಂಡದ್ದುಂಟು.

ಮೇಷ್ಟ್ರು ಶಾಲೆಯಲ್ಲಿ ಕೆಲಸ ಮಾಡಿದವರಲ್ಲ. ಮನೆಯ ಮುಂದಿನ ಕೋಣೆಯೇ ಅವರ ಶಾಲೆ. ಒಂದು ಕರಿಹಲಗೆ, ಗೋಡೆಗೆ ಒತ್ತಿ ಹಾಕಿದ ಉದ್ದನೆಯ ಬೆಂಚು ಮತ್ತು ಡೆಸ್ಕುಗಳು, ಒಂದೇ ಕಿಟಕಿ. ಕೋಣೆಗೂ ಅಡುಗೆಮನೆಗೂ ನಡುವೆ ಇಟ್ಟಿಗೆಯ ಗೋಡೆಯೂ ಇರಲಿಲ್ಲ, ಹಲಗೆಯ ತಡಿಕೆ ಅಷ್ಟೇ. ಇಂಗ್ಲಿಷಿನಲ್ಲಿ ಫೇಲಾದವರು, ಫೇಲಾಗಲಿರುವವರು, ಕೆಲಸದ ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿ ವಾಪಸು ಬಂದವರು, ಎಲ್ಲರೂ ಅಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಿವಿಯುವಂತೆ ಕೂರುತ್ತಿದ್ದರು. ‘ಕ್ರಿಯಾಪದ ಒಲಿದರೆ ಇಂಗ್ಲಿಷ್ ಒಲಿಯಿತು’ ಎಂಬುದು ಮೇಷ್ಟ್ರ ಸಿದ್ಧಾಂತ. ‘ಮೊದಲನೇ ರೂಪ ಇವತ್ತಿಂದು. ಎರಡನೇದು ನಿನ್ನೇದು. ಮೂರನೇದಕ್ಕೆ ಸ್ವಲ್ಪ ಜಂಬ ಜಾಸ್ತಿ, ಹ್ಯಾವೋ ಹ್ಯಾಡೋ ಜೊತೇಲಿ ಬರದೆ ಹೊಸಿಲು ದಾಟಲ್ಲ,’ ಎಂದು ಅವರು ಹೇಳಿಕೊಟ್ಟದ್ದನ್ನು ಪಾಸಾದವರೂ ಮರೆಯಲಿಲ್ಲ, ಫೇಲಾದವರೂ ಮರೆಯಲಿಲ್ಲ.

ಅವರ ಪಾಠದ ಕ್ರಮವೇ ಬೇರೆ. ಮೊದಲನೇ ರೂಪ ಅವರು ಹೇಳಬೇಕು, ಉಳಿದೆರಡನ್ನು ಕೋಣೆ ಹೇಳಬೇಕು. ‘ಈಟ್!’ ಎಂದು ಅವರು ಗುಡುಗಿದರೆ ‘ಏಟ್, ಈಟನ್!’ ಎಂದು ಬೆಂಚುಗಳು ರಾಗ ಎಳೆಯುತ್ತಿದ್ದವು. ‘ಡ್ರಿಂಕ್!’ ಎಂದರೆ ‘ಡ್ರ್ಯಾಂಕ್, ಡ್ರಂಕ್!’ ಬೀದಿಯಲ್ಲಿ ಹೋಗುವ ಅಪರಿಚಿತರು ಭಜನೆಯೋ ಜಗಳವೋ ತಿಳಿಯದೆ ಒಂದು ಗಳಿಗೆ ನಿಲ್ಲುತ್ತಿದ್ದರು. ಬಾಲಕ್ಕೆ ‘ಇಡಿ’ ಹಚ್ಚಿದರೆ ಮುಗಿಯುವ ಸಾಧು ಕ್ರಿಯಾಪದಗಳನ್ನು ಮೇಷ್ಟ್ರು ಮೂಸಿಯೂ ನೋಡುತ್ತಿರಲಿಲ್ಲ. ಅವರ ಪ್ರೀತಿಯೆಲ್ಲ ಹೇಳಿದ ಮಾತು ಕೇಳದ ಪುಂಡರ ಮೇಲೆ.

ಆ ಪುಂಡರಲ್ಲೂ ಒಂದು ಗುಂಪಿತ್ತು, ಮೂರೂ ರೂಪದಲ್ಲಿ ಒಂದೇ ಮುಖ ಹೊತ್ತು ಕೂರುವಂಥವು. ಕಟ್, ಪುಟ್, ಶಟ್, ಹಿಟ್, ಹರ್ಟ್, ಲೆಟ್. ‘ಬದಲಾಗದೇ ಇರೋದಕ್ಕೆ ಬಾಯಿ ಯಾಕೆ ನೋಯಿಸ್ಕೋತೀರಿ, ಬಿಡಿ,’ ಎಂದು ಮೇಷ್ಟ್ರು ಒಮ್ಮೆ ಅಂದದ್ದೇ ತಡ, ಹಿಂದಿನ ಬೆಂಚಿನ ಒಬ್ಬ ಹುಡುಗ ‘ಕಟ್’ ಎಂದಾಗ ಬಾಯಿ ತೆರೆಯದೆ ಬೆರಳ ಗೆಣ್ಣಿನಿಂದ ಡೆಸ್ಕಿನ ಮೇಲೆ ಮೂರು ಸಲ ತಟ್ಟಿದ. ಟಕ್, ಟಕ್, ಟಕ್. ಮರುದಿನದಿಂದ ಇಡೀ ಕೋಣೆಗೆ ಅದೇ ಪದ್ಧತಿಯಾಯಿತು. ಬದಲಾಗದ ಸಾಲು ಬಂತೆಂದರೆ ಯಾರೂ ಮಾತಾಡುವಂತಿಲ್ಲ, ಮೂರು ತಟ್ಟಬೇಕು. ಮೇಷ್ಟ್ರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಆದರೆ ನಿದ್ದೆ ತೂಗುವವರೂ ಆ ಸಾಲಿಗೆ ಎದ್ದು ಕೂರುತ್ತಿದ್ದುದರಿಂದ ಹಲಗೆಯ ಕಡೆ ಮುಖ ಮಾಡಿ ಕೇಳಿಯೂ ಕೇಳದಂತಿದ್ದರು. ಆ ಹುಡುಗನಿಗೆ ಡೋಲು ಎಂಬ ಹೆಸರು ಅಂಟಿಕೊಂಡಿತು. ಅವನೀಗ ಪೇಟೆಯಲ್ಲಿ ಫರ್ನಿಚರ್ ಅಂಗಡಿ ಇಟ್ಟುಕೊಂಡಿದ್ದಾನೆ, ಹೊಟ್ಟೆ ಬಂದಿದೆ, ಹೆಸರು ಮಾತ್ರ ಡೋಲೇ.

ತಡಿಕೆಯ ಆಚೆ ಮೇಷ್ಟ್ರ ಹೆಂಡತಿ. ಹುಡುಗರ ಬಾಯಲ್ಲಿ ಅಮ್ಮಾವ್ರು. ಆಕೆಗೆ ಮಾತೆಂದರೆ ಪ್ರಾಣ. ತರಕಾರಿಯವಳ ಜೊತೆ, ಪಕ್ಕದ ಮನೆಯ ಬೆಕ್ಕಿನ ಜೊತೆ, ಉಕ್ಕಿದ ಹಾಲಿನ ಜೊತೆ, ಯಾರೂ ಸಿಗದಿದ್ದರೆ ತನ್ನ ಜೊತೆಗೇ. ಗಂಡನನ್ನು ಕರೆಯುವುದಕ್ಕೆ ಆಕೆಗೆ ಒಂದೇ ಅಕ್ಷರ ಸಾಕಾಗಿತ್ತು: ‘ರೀ.’ ಆದರೆ ಆ ಒಂದು ‘ರೀ’ಯಲ್ಲಿ ಎಷ್ಟೊಂದು! ಊಟಕ್ಕೆ ಕರೆಯುವ ‘ರೀ’ ಬೇರೆ. ‘ಮತ್ತೆ ಕೊಡೆ ಮರೆತು ಬಂದ್ರಾ’ ಎನ್ನುವ ‘ರೀ’ ಬೇರೆ. ಮಗಳಿಗೆ ಜ್ವರ ಏರಿದಾಗಿನದು, ನೆಂಟರ ಮುಂದೆ ಬಾಯಿ ಮುಚ್ಚಿಸುವಂಥದು, ಏನೂ ಕೆಲಸವಿಲ್ಲದೆ ಸುಮ್ಮನೆ ಇದ್ದೀರೋ ಇಲ್ಲವೋ ಎಂದು ನೋಡಲು ಕರೆಯುವಂಥದು, ಎಲ್ಲವೂ ಬೇರೆ ಬೇರೆ. ಕೊನೆಯದಕ್ಕೆ ಮೇಷ್ಟ್ರು ‘ಏನೇ?’ ಎನ್ನುತ್ತಿದ್ದರು. ‘ಏನಿಲ್ಲ,’ ಎನ್ನುತ್ತಿದ್ದಳು ಆಕೆ. ಮೂರು ರೂಪ ಕಲಿಸುವ ಮನುಷ್ಯನಿಗೆ ಮನೆಯೊಳಗೆ ಇದ್ದದ್ದು ಆ ಒಂದು ಶಬ್ದದ ಮೂವತ್ತು ರೂಪ.

‘ನೀನೂ ಒಂದಿಷ್ಟು ಇಂಗ್ಲಿಷ್ ಕಲಿಯೇ,’ ಎಂದು ಅವರು ಹೊಸದರಲ್ಲಿ ಕೇಳಿದ್ದುಂಟು.

‘ನಂಗ್ಯಾಕೆ? ಇರೋ ಭಾಷೇಲಿ ನಿಮ್ಮ ಜೊತೆ ಜಗಳ ಆಡೋಕೇ ಟೈಮ್ ಸಾಲ್ತಿಲ್ಲ,’ ಎಂದಿದ್ದಳು ಆಕೆ.

ಮಗಳು ದೊಡ್ಡವಳಾದಳು, ಅದೇ ಬೆಂಚಿನ ಮೇಲೆ ಕೂತು ಅದೇ ಸಾಲುಗಳನ್ನು ಒಪ್ಪಿಸಿದಳು, ಎರಡು ಬೀದಿ ಆಚೆ ಮದುವೆಯಾಗಿ ಹೋದಳು, ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಹುಡುಗರು ಕ್ರಮೇಣ ಫೋನಿನಲ್ಲೇ ಇಂಗ್ಲಿಷ್ ಕಲಿಯತೊಡಗಿದರು. ಬೆಂಚುಗಳು ಖಾಲಿಯಾದವು. ಕರಿಹಲಗೆಯ ಮೊಳೆಗೆ ಮೇಷ್ಟ್ರ ಅಂಗಿ ನೇತಾಡತೊಡಗಿತು. ‘ಇನ್ನಾದ್ರೂ ನನ್ನ ಮಾತು ಕೇಳೋಕೆ ಬಿಡುವಾಯ್ತಲ್ಲ ನಿಮ್ಗೆ,’ ಎಂದಳು ಹೆಂಡತಿ. ಅದೂ ನಿಜವೇ ಆಗಿತ್ತು. ಇಬ್ಬರೂ ಮುಂದಿನ ಕೋಣೆಯಲ್ಲಿ ಬೆಂಚಿನ ಎರಡು ತುದಿಗೆ ಕೂತು ಹೊತ್ತು ಕಳೆಯುವುದನ್ನು ಕಲಿತರು. ಆಕೆ ಹೇಳುವುದು, ಅವರು ಹೂಂಗುಟ್ಟುವುದು.

ಹಾಗಿರುವಾಗ ಒಂದು ಬೆಳಿಗ್ಗೆ ಆಕೆ ಅಡುಗೆಮನೆಯಿಂದ ‘ರೀ’ ಎಂದಳು. ಯಾವ ‘ರೀ’ ಎಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಅದುವರೆಗೆ ಕೇಳಿರದ ರೀ. ಓಡಿ ಹೋಗಿ ನೋಡಿದರೆ ಆಕೆ ನೆಲದ ಮೇಲೆ ಒರಗಿದ್ದಳು, ಬಾಯಿ ಒಂದು ಪಕ್ಕಕ್ಕೆ ಎಳೆದಿತ್ತು, ಸೌಟು ಕೈಯಿಂದ ಜಾರಿ ದೂರ ಹೋಗಿತ್ತು.

ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರಾ ಹೋಯಿತು. ಕಣ್ಣಲ್ಲಿ ಗುರುತಿತ್ತು, ಗಂಡನನ್ನು ಕಂಡರೆ ಮುಖ ಅರಳುತ್ತಿತ್ತು, ಆದರೆ ಬಾಯಿ ತೆರೆದರೆ ಬರುತ್ತಿದ್ದದ್ದು ಬರೀ ಗಾಳಿ. ಹೌದೆನ್ನಬೇಕಾದಲ್ಲಿ ತಲೆ ಅಡ್ಡಡ್ಡ ಆಡುತ್ತಿತ್ತು, ಬೇಡವೆನ್ನಬೇಕಾದಲ್ಲಿ ಉದ್ದುದ್ದ. ತೋರಿಸು ಎಂದರೆ ಬೆರಳು ಎತ್ತಲೋ ಹೋಗುತ್ತಿತ್ತು. ಬಾಚಣಿಗೆ ಕೊಟ್ಟರೆ ಬಾಯಿಗಿಟ್ಟುಕೊಳ್ಳುತ್ತಿದ್ದಳು, ತಪ್ಪೆಂದು ಗೊತ್ತಾಗಿ ಕಣ್ಣು ತುಂಬಿಕೊಳ್ಳುತ್ತಿದ್ದಳು. ಬೆಕ್ಕಿನ ಜೊತೆಗೂ ಮಾತಾಡುತ್ತಿದ್ದವಳ ಬಾಯಿಗೆ ಇಂಥ ಬೀಗ ಬಿದ್ದದ್ದನ್ನು ನೋಡುವುದು ಮೇಷ್ಟ್ರಿಗೆ ಸಂಕಟವಾಗುತ್ತಿತ್ತು. ತಿರುಗಿ ಎಲ್ಲ ಮಾತು ಬರಬೇಕೆಂಬ ದುರಾಸೆ ಅವರಿಗಿರಲಿಲ್ಲ. ಆ ಒಂದು ‘ರೀ’ ಬಂದರೆ ಸಾಕಾಗಿತ್ತು. ಕನ್ನಡಿ ಹಿಡಿದು, ತುಟಿ ಅಗಲಿಸಿ, ‘ನೋಡು, ರೀ... ರೀ...’ ಎಂದು ತಮ್ಮನ್ನು ತಾವೇ ಕರೆದುಕೊಳ್ಳುತ್ತ ಅವರು ಗಂಟೆಗಟ್ಟಲೆ ಕೂರುತ್ತಿದ್ದರು. ಆಕೆ ಅವರ ತುಟಿಯನ್ನೇ ನೋಡುತ್ತ ನೋಡುತ್ತ ಮುಖ ಗೋಡೆಗೆ ತಿರುಗಿಸಿಬಿಡುತ್ತಿದ್ದಳು.

ಮಂಚವನ್ನು ಮುಂದಿನ ಕೋಣೆಗೇ ತಂದು ಹಾಕಿದ್ದರು, ಗಾಳಿ ಬೆಳಕು ಇರಲೆಂದು. ಒಂದು ಮಧ್ಯಾಹ್ನ ಮೇಷ್ಟ್ರು ಗಂಜಿಯ ಬಟ್ಟಲು ಹಿಡಿದು ಆಕೆಯ ಪಕ್ಕ ಕೂತರು. ಆಕೆ ತುಟಿ ಬಿಗಿದುಕೊಂಡಳು. ‘ಒಂದ್ ಚಮಚ ತಿನ್ನೇ, ನಿನ್ನ ದಮ್ಮಯ್ಯ,’ ಎಂದರು. ಇಲ್ಲ. ಬೇಸರ, ಸುಸ್ತು, ಕೈಯಲ್ಲಿ ಚಮಚ. ಹಳೆಯ ಚಾಳಿ ಬಾಯಿಂದ ತಾನಾಗಿಯೇ ಹೊರಬಿತ್ತು: ‘ಈಟ್!’

‘ಏಟ್, ಈಟನ್,’ ಎಂದಳು ಹೆಂಡತಿ.

ಚಮಚ ನೆಲಕ್ಕೆ ಬಿತ್ತು. ಸ್ಪಷ್ಟವಾಗಿ, ಹುಡುಗರು ಎಳೆಯುತ್ತಿದ್ದ ಅದೇ ರಾಗದಲ್ಲಿ ಹೇಳಿದ್ದಳು. ಹೇಳಿದ್ದಕ್ಕೆ ಆಕೆಗೇ ಬೆರಗು. ಮೇಷ್ಟ್ರು ‘ಗೋ?’ ಎಂದರು. ಆಕೆ ಸುಮ್ಮನಿದ್ದಳು. ‘ಸ್ಲೀಪ್?’ ಸುಮ್ಮನಿದ್ದಳು. ‘ಈಟ್?’ ಎಂದರು ಮತ್ತೆ. ‘ಏಟ್, ಈಟನ್!’ ಎಂದು ಬಾಯಿ ತೆರೆದಳು, ಗಂಜಿಗಾಗಿ.

ಸಂಜೆ ಬಂದ ಮಗಳಿಗೆ ಇದನ್ನು ಹೇಳಿದರೆ ಅವಳು ನಂಬಲಿಲ್ಲ. ‘ಅಪ್ಪಾ, ನೀವು ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು?’ ಎಂದು ಅವರ ಹಣೆ ಮುಟ್ಟಿ ನೋಡಿದಳು. ‘ನೀನೇ ಕೇಳು,’ ಎಂದರು. ಮಗಳು ಅಮ್ಮನ ಹತ್ತಿರ ಬಗ್ಗಿ, ನಾಚಿಕೊಂಡೇ, ‘ಡ್ರಿಂಕ್?’ ಎಂದಳು. ‘ಡ್ರ್ಯಾಂಕ್, ಡ್ರಂಕ್.’ ನೀರಿನ ಲೋಟ ತರಲು ಒಳಗೆ ಹೋದ ಮಗಳು ಬೇಗ ಹೊರಗೆ ಬರಲಿಲ್ಲ.

ಮಾತು ಕಲಿಸುವ ಡಾಕ್ಟರಮ್ಮ, ಇನ್ನೂ ಚಿಕ್ಕ ವಯಸ್ಸಿನವರು, ಮೇಷ್ಟ್ರಿಗೆ ತಿಳಿಹೇಳಿದರು: ‘ಯೋಚನೆ ಮಾಡಿ ಜೋಡಿಸೋ ಮಾತಿನ ಜಾಗಕ್ಕೆ ಏಟು ಬಿದ್ದಿದೆ. ಕೇಳಿ ಕೇಳಿ ಬಾಯಿಪಾಠ ಆಗಿರೋದು ಬೇರೆ ಕಡೆ ಇರುತ್ತೆ. ಕೆಲವರಿಗೆ ಎಣಿಕೆ ಉಳಿದಿರುತ್ತೆ, ಕೆಲವರಿಗೆ ಒಂದು ಹಾಡು. ಇವರಿಗೆ ನಿಮ್ಮ ಪಾಠ ಉಳಿದಿದೆ ಸರ್.’ ಬೆಂಚಿನ ಮೇಲೆ ಒಂದು ದಿನವೂ ಕೂರದವಳಿಗೆ ಇಡೀ ಪಾಠ ಬಂದುಬಿಟ್ಟಿತ್ತು. ಮೇಷ್ಟ್ರು ಡಾಕ್ಟರಮ್ಮನ ಮುಂದೆಯೇ ಅತ್ತರು.

ಅಲ್ಲಿಂದ ಆ ಮನೆಗೆ ಹೊಸದೊಂದು ಭಾಷೆ ಬಂತು. ಶುರು ಮಾಡುವುದು ಆಕೆಯಿಂದ ಆಗದು, ಮೊದಲನೇ ರೂಪ ಮೇಷ್ಟ್ರೇ ಹೇಳಬೇಕು. ಆಕೆ ಉಳಿದೆರಡನ್ನು ಸೇರಿಸಿದರೆ ಹೌದು, ಸುಮ್ಮನಿದ್ದರೆ ಅಲ್ಲ. ಬೇಕಾದಾಗ ಎಡಗೈಯಿಂದ ಮಂಚದ ಅಂಚನ್ನು ಪಟಪಟ ಬಡಿದು ಕರೆಯುತ್ತಿದ್ದಳು. ಮೇಷ್ಟ್ರು ಎಲ್ಲಿದ್ದರೂ ಓಡಿ ಬಂದು, ಬಟ್ಟೆಯಂಗಡಿಯವನು ಗಿರಾಕಿಯ ಮುಂದೆ ಥಾನು ಬಿಚ್ಚಿದಂತೆ ಒಂದೊಂದೇ ಕ್ರಿಯಾಪದ ಬಿಚ್ಚುತ್ತಿದ್ದರು. ಸಿಟ್? ಸ್ಟ್ಯಾಂಡ್? ಸ್ಲೀಪ್? ಯಾವುದೋ ಒಂದಕ್ಕೆ ಆಕೆಯ ಕಣ್ಣು ಹೊಳೆಯುತ್ತಿತ್ತು, ರಾಗ ಹೊರಡುತ್ತಿತ್ತು.

ನಗುವೂ ವಾಪಸು ಬಂತು. ಬೆಳಬೆಳಗ್ಗೆ ಈ ಮನೆಯಿಂದ ಡ್ರಿಂಕ್, ಡ್ರಂಕ್ ಎಂದು ಕೇಳಿಸಿದರೆ ಹೊಸದಾಗಿ ಬಂದ ಪಕ್ಕದ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಮ್ಮೆ ಆಕೆಯ ಅಣ್ಣ ನೋಡಲು ಬಂದವರು ಹಗಲಿಡೀ ಕೂತು ತಮ್ಮ ಮಂಡಿನೋವಿನ ಪುರಾಣ ಬಿಚ್ಚಿದರು. ಹೆಂಡತಿಗೆ ಬಚ್ಚಲಿಗೆ ಹೋಗಬೇಕೇನೋ ಎಂದು ಮೇಷ್ಟ್ರು ಮೆಲ್ಲಗೆ ‘ಗೋ?’ ಎಂದರು. ಆಕೆ ಅಣ್ಣನ ಮುಖವನ್ನೇ ನೋಡುತ್ತ, ಕೋಣೆ ಮೊಳಗುವಂತೆ, ‘ವೆಂಟ್! ಗಾನ್!’ ಎಂದಳು. ಅಣ್ಣ ಚಪ್ಪಲಿ ಮೆಟ್ಟಿಕೊಂಡರು. ಮೇಷ್ಟ್ರು ಮತ್ತು ಹೆಂಡತಿ ಆ ದಿನ ನಕ್ಕಷ್ಟು ಮದುವೆಯಾದ ಹೊಸದರಲ್ಲೂ ನಕ್ಕಿರಲಿಲ್ಲ.

ಹಳೆಯ ಸಾಲುಗಳನ್ನೆಲ್ಲ ಮೇಷ್ಟ್ರು ಒಂದೊಂದಾಗಿ ಹೊರತೆಗೆದರು. ಬದಲಾಗದ ಸಾಲನ್ನು ಮಾತ್ರ ತೆಗೆಯಲಿಲ್ಲ. ಅದಕ್ಕೆ ಬಾಯಿಯ ಉತ್ತರವೇ ಇಲ್ಲವಲ್ಲ, ಕೇಳಿ ಏನು ಪ್ರಯೋಜನ? ಅವರಿಗೆ ಬೇಕಾದದ್ದು ಆಕೆಯ ಬಾಯಿ ತೆರೆಯುವುದು. ಈ ಸಾಲುಗಳನ್ನು ಹಿಡಿದುಕೊಂಡೇ ಒಂದು ದಿನ ‘ರೀ’ಯ ತನಕ ಬಂದೇ ಬರುತ್ತಾಳೆ ಎಂಬ ಆಸೆ ಅವರಲ್ಲಿ ಗಟ್ಟಿಯಾಗಿತ್ತು. ‘ಆಗಬಹುದು ಸರ್, ಹೇಳಕ್ಕಾಗಲ್ಲ,’ ಎಂದಿದ್ದರು ಡಾಕ್ಟರಮ್ಮ. ಮೇಷ್ಟ್ರ ಕಿವಿಗೆ ಬಿದ್ದದ್ದು ‘ಆಗಬಹುದು’ ಅಷ್ಟೇ. ಪಾಠ ಮುಗಿದ ಮೇಲೆ ಅವರು ದಿನವೂ ಆಕೆಯ ಮುಂದೆ ಸುಮ್ಮನೆ ಕೂತು ಕಿವಿ ನಿಮಿರಿಸಿ ಕಾಯುತ್ತಿದ್ದರು.

ಆ ದಿನ ಬೆಳಿಗ್ಗೆ ಮೇಷ್ಟ್ರು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದರು. ಮಂಚದ ಸದ್ದು ಕೇಳಿಸಿತು. ‘ಬಂದೆ, ಬಂದೆ,’ ಎನ್ನುತ್ತ ಬಂದರು. ಯಾವಾಗಲೂ ಅಂಗೈಯಿಂದ ಪಟಪಟ ಬಡಿಯುವವಳು ಇವತ್ತು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಳು. ಮೂರು ಸಲ ತಟ್ಟುವುದು, ನಿಲ್ಲಿಸುವುದು, ಮತ್ತೆ ಮೂರು. ಮೇಷ್ಟ್ರು ಪಕ್ಕದಲ್ಲಿ ಕೂತರು. ‘ಏನೇ? ಡ್ರಿಂಕ್?’ ಸುಮ್ಮನಿದ್ದಳು. ‘ಈಟ್?’ ಸುಮ್ಮನಿದ್ದಳು. ‘ಗೋ? ಸಿಟ್? ಸ್ಲೀಪ್?’ ಒಂದಕ್ಕೂ ಬಾಯಿ ತೆರೆಯಲಿಲ್ಲ. ಅವರನ್ನೇ ದಿಟ್ಟಿಸುತ್ತ ಮತ್ತೆ ತಟ್ಟಿದಳು. ಟಕ್, ಟಕ್, ಟಕ್.

‘ಇಲ್ಲೇ ಕೂತಿದ್ದೀನಲ್ಲೇ. ಮತ್ತೆ ಯಾಕೆ ಕರೀತೀಯಾ?’ ಎಂದರು.

ದಿಂಬು ಸರಿಪಡಿಸಿದರು, ಮಗ್ಗುಲು ಬದಲಿಸಿದರು, ಮೈ ಒರೆಸಿದರು. ಹಣೆಯಲ್ಲಿ ಬೆವರಿತ್ತು. ಸೆಕೆಯಿರಬೇಕೆಂದು ಫ್ಯಾನು ಜೋರು ಮಾಡಿದರು. ‘ನೋವಿದೆಯಾ?’ ಎಂದು ಕನ್ನಡದಲ್ಲೇ ಕೇಳಿದರು. ಆಕೆಯ ತಲೆ ಎಂದಿನಂತೆ ಒಮ್ಮೆ ಅಡ್ಡ, ಒಮ್ಮೆ ಉದ್ದ ಆಡಿತು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಮೇಷ್ಟ್ರು ಹಳೆಯ ಪಾಠಗಳ ಮೂಲೆಮೂಲೆಯಿಂದ ಕ್ರಿಯಾಪದಗಳನ್ನು ಹೆಕ್ಕಿದರು. ಗಿವ್? ಟೇಕ್? ರೈಟ್? ಸಿಂಗ್? ಸ್ವಿಮ್ ಕೂಡ ಕೇಳಿದರು, ನಗಲಿ ಎಂದು. ಆಕೆ ನಗಲಿಲ್ಲ. ಕೈ ಮಾತ್ರ ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರಿಗೆ ರೇಗಿತು. ವಯಸ್ಸಾದ ಜೀವ, ಬೆಳಗ್ಗಿನಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ. ‘ಸುಮ್ನೆ ತಟ್ಟಿದ್ರೆ ನಂಗೇನು ಅರ್ಥ ಆಗ್ಬೇಕು? ಬಾಯಿ ಬಿಟ್ಟು ಹೇಳು!’ ಎಂದು ಗದರಿದರು. ಆಕೆ ಬಾಯಿ ಬಿಟ್ಟಳು. ಗಾಳಿ ಬಂತು. ಮುಚ್ಚಿದಳು. ಮೇಷ್ಟ್ರು ಹತ್ತಿರ ಸರಿದರು. ಆಕೆಯ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ‘ಸಾಕು ಬಿಡು, ಸುಸ್ತಾಗತ್ತೆ. ಮಲಕ್ಕೋ,’ ಎಂದು ಸಮಾಧಾನ ಮಾಡಿದರು. ಹಿಡಿದ ಕೈಯೊಳಗೇ ಆಕೆಯ ಬೆರಳು ಮೆಲ್ಲಗೆ ಮೂರು ಸಲ ಮಿಡುಕಿತು. ಆಮೇಲೆ ಸುಮ್ಮನಾಯಿತು. ಸದ್ಯ, ನಿದ್ದೆ ಬಂತಲ್ಲ ಎಂದುಕೊಂಡು ಅವರು ಕೈ ಬಿಡದೆ ಕೂತೇ ಇದ್ದರು.

ಸಂಜೆ ಲ್ಯಾಬಿನಿಂದ ಬಂದ ಮಗಳು ಹೊಸಿಲಲ್ಲೇ ಚೀಲ ಬಿಟ್ಟು ಓಡಿ ಬಂದಳು. ‘ಅಪ್ಪಾ, ಅಮ್ಮನ ಮುಖ ಯಾಕೆ ಹೀಗಾಗಿದೆ?’

ಆಸ್ಪತ್ರೆಯಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊರಗೆ ಬಂದ ಡಾಕ್ಟರು ಕುತ್ತಿಗೆಯ ಸ್ಟೆತಾಸ್ಕೋಪು ತೆಗೆದು ಜೇಬಿಗಿಟ್ಟುಕೊಂಡು, ಮೇಷ್ಟ್ರ ಮುಖ ನೋಡದೆ ಹೇಳಿದರು: ‘ಹಾರ್ಟ್ ಅಟ್ಯಾಕ್. ಬೆಳಗ್ಗೇನೇ ನೋವು ಶುರುವಾಗಿರಬೇಕು. ಇನ್ನೂ ಸ್ವಲ್ಪ ಮುಂಚೆ ಬಂದಿದ್ರೆ... ಅವರು ಏನೂ ಹೇಳಲಿಲ್ವಾ?’

‘ಮಾತು ಹೋಗಿತ್ತು ಡಾಕ್ಟ್ರೇ. ಏನೂ ಹೇಳಲಿಲ್ಲ,’ ಎಂದರು ಮೇಷ್ಟ್ರು.

ಆಮೇಲಿನ ದಿನಗಳಲ್ಲಿ ಆ ಬೆಂಚುಗಳು ಮತ್ತೆ ತುಂಬಿದವು. ತಲೆ ನರೆತವರು, ಕೆಲಸದ ಯೂನಿಫಾರ್ಮಿನಲ್ಲೇ ಬಂದವರು, ಕಂಕುಳಲ್ಲಿ ಮಗು ಎತ್ತಿಕೊಂಡವರು, ಎಲ್ಲರೂ ಹಳೆಯ ಜಾಗಗಳಲ್ಲಿ ಮೊಣಕೈ ತಾಗಿಸಿಕೊಂಡು ಕೂತರು. ಯಾರಿಗೂ ಮೇಷ್ಟ್ರು ‘ಗೋ?’ ಎನ್ನಲಿಲ್ಲ. ಹೆಂಡತಿಯ ವಿಷಯ ಬಂದಾಗ ‘ಇದಾಳೆ’ ಎಂದು ಶುರು ಮಾಡಿ ‘ಇದ್ಲು’ ಎಂದು ತಿದ್ದಿಕೊಳ್ಳುತ್ತಿದ್ದರು. ಇಡೀ ಆಯುಷ್ಯ ಇವತ್ತನ್ನು ನಿನ್ನೆ ಮಾಡುವುದನ್ನು ಕಲಿಸಿದವರಿಗೆ ಅದೊಂದು ಪದ ನಾಲಿಗೆಗೆ ಹತ್ತಲಿಲ್ಲ.

ಡೋಲು ತಡವಾಗಿ ಬಂದ. ಊರಲ್ಲಿರಲಿಲ್ಲವಂತೆ. ಉಳಿದವರು ಎದ್ದು ಹೋಗಿದ್ದರು, ಮಗಳು ಒಬ್ಬಳೇ ಖಾಲಿ ಮಂಚದ ಮೇಲೆ ಕೂತು ಅಮ್ಮನ ಸೀರೆ ಮಡಿಸುತ್ತಿದ್ದಳು. ಅವನು ಹಿಂದಿನ ಬೆಂಚಿಗೇ ಹೋಗಿ ಕಷ್ಟಪಟ್ಟು ಹೊಟ್ಟೆ ತೂರಿಸಿಕೊಂಡು ಕೂತ. ಡೆಸ್ಕನ್ನು ಸವರಿದ.

‘ಎಷ್ಟು ಕುಟ್ಟಿದೀವಿ ಸರ್ ಇದರ ಮೇಲೆ,’ ಎಂದ. ‘ನೀವು ಆಕಡೆ ತಿರುಗಿ ಬೋರ್ಡ್ ಮೇಲೆ ಬರೀತಿದ್ರಿ. ನಾವು ಕುಟ್ಟೋದನ್ನೇ ಕಾಯ್ತಿದ್ರು ಅಮ್ಮಾವ್ರು. ಅವರೂ ಒಳಗಿಂದ ತಡಿಕೆ ಮೇಲೆ ಸೌಟಲ್ಲಿ ಮೂರು ತಟ್ಟೋರು. ಟಕ್, ಟಕ್, ಟಕ್. ನಾವೆಲ್ಲ ನಗು ತಡೀಲಾರದೆ ಸಾಯ್ತಿದ್ವಿ. ನಿಮಗೆ ಗೊತ್ತಾಗಬಾರದು ಅಂತ ಅಮ್ಮಾವ್ರದೂ ನಮ್ಮದೂ ಒಪ್ಪಂದ ಸರ್.’

ನೆನಪು ಹಂಚಿಕೊಂಡ ಸಂತೋಷಕ್ಕೆ ಅವನ ಬೆರಳು ತಾನಾಗಿಯೇ ಡೆಸ್ಕಿನ ಮೇಲೆ ಮೂರು ಸಲ ಬಡಿಯಿತು.

ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು. ‘ಇನ್ನೊಂದ್ಸಲ ತಟ್ಟು,’ ಎಂದರು. ಡೋಲು ತಟ್ಟಿದ. ‘ಇನ್ನೊಂದ್ಸಲ.’ ಅವನು ಗಾಬರಿಯಾಗಿ ಮಗಳ ಕಡೆ ನೋಡಿದ. ಮೇಷ್ಟ್ರ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಕಟ್, ಪುಟ್, ಶಟ್, ಹಿಟ್... ಐದನೆಯದಕ್ಕೆ ಬಂದು ತುಟಿ ಅಲ್ಲೇ ನಿಂತಿತು.

ಡೋಲು ಹೋದ ಮೇಲೆ ಅವರು ಮಗಳ ಮುಂದೆ ಬಂದು ನಿಂತರು.

‘ನಾನು ಡಾಕ್ಟರಿಗೆ ಏನಂದೆ, ನೆನಪಿದೆಯಾ? ಏನೂ ಹೇಳಲಿಲ್ಲ ಅಂದೆ. ಹೇಳಿದ್ಲು ಕಣಮ್ಮ. ಬೆಳಗ್ಗೆಯಿಂದ ಹೇಳಿದ್ಲು. ಒಂದಿನಾನೂ ತಾನಾಗಿ ಶುರು ಮಾಡೋಕೆ ಆಗದೇ ಇದ್ದೋಳು ಅವತ್ತು ಅವಳಾಗೇ ಶುರು ಮಾಡಿದ್ಲು. ನಾನು ಪಕ್ಕದಲ್ಲೇ ಕೂತು ಸ್ವಿಮ್ ಅಂದೆ. ಕೊನೆಗೆ ಆ ಕೈನೂ ಹಿಡಿದು ನಿಲ್ಲಿಸಿಬಿಟ್ಟೆ.’

ಮಗಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವಳು ಸೀರೆಯನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಅಪ್ಪನನ್ನು ಉಳಿಸಿಕೊಳ್ಳಬೇಕೆಂದು ಏನೋ ಒಂದು ಹುಡುಕಿದಳು.

‘ಅಪ್ಪಾ, ಆ ಸಾಲಲ್ಲಿ ಅದೊಂದೇ ಇದೆಯಾ? ಶಟ್ ಇದೆ. ಬಿಸಿಲು ಬೀಳ್ತಿತ್ತೇನೋ, ಕಿಟಕಿ ಮುಚ್ಚಿ ಅಂದಿರಬಹುದು. ಪುಟ್ ಇದೆ, ಲೆಟ್ ಇದೆ. ಅದೇ ಅಂತ ನೀವ್ಯಾಕೆ ಅಂದ್ಕೋತೀರಿ?’

‘ಇರಬಹುದು,’ ಎಂದರು ಮೇಷ್ಟ್ರು. ‘ಒಂದೊಂದಾಗಿ ಕೇಳಿದ್ರೆ ಗೊತ್ತಾಗ್ತಿತ್ತು. ನಾನು ಕೇಳಲೇ ಇಲ್ಲವಲ್ಲ. ಅವಳ ಬಾಯಿಂದ ‘ರೀ’ ಬರತ್ತೆ ಅಂತ ಬಾಯನ್ನೇ ನೋಡ್ತಾ ಕೂತಿದ್ದೆ.’

ಅವರು ಮೆಲ್ಲಗೆ ಹೋಗಿ ಕಿಟಕಿ ಮುಚ್ಚಿದರು. ಬಿಸಿಲು ಮಂಚದಿಂದ ಸರಿಯಿತು. ವಾಪಸು ಬಂದು, ಆ ದಿನ ಕೂತಿದ್ದ ಜಾಗದಲ್ಲೇ, ದಿಂಬಿನ ಕಡೆ ಮುಖ ಮಾಡಿ ಕೂತರು. ಗಂಟಲು ಸರಿಮಾಡಿಕೊಂಡರು. ಹಿಂದೆ ಇಡೀ ಕೋಣೆಗೆ ಕೇಳುವಂತೆ ಗುಡುಗುತ್ತಿದ್ದ ಮನುಷ್ಯ, ಅಲ್ಲಿ ಮಲಗಿರುತ್ತಿದ್ದವಳಿಗಷ್ಟೇ ಕೇಳುವಂತೆ ಕೇಳಿದರು.

‘ಹರ್ಟ್?’

ಕೇಳಿ, ಪಾಠದಲ್ಲಿ ಕಾಯುತ್ತಿದ್ದಂತೆ ತಲೆ ಓರೆ ಮಾಡಿ ಕಾದರು. ಆ ಬೆಂಚಿನ ಮೇಲೆ ಕೂತು ಕಲಿತ ಎಲ್ಲರಂತೆ ಮಗಳಿಗೂ ಉತ್ತರ ಗೊತ್ತಿತ್ತು. ಅವಳ ಕೈ ಮಂಚದ ಅಂಚಿನ ಮೇಲೇ ಇತ್ತು. ತಟ್ಟಲು ಅವಳಿಂದ ಆಗಲಿಲ್ಲ.